ಕೈಯಿಂದ ಗೇರು ಹಾಕುವ ಕಾರೂ ಸ್ಪೋರ್ಟ್ ಮೋಡೂ

2017ರಲ್ಲಿ ಮಾರಾಟಕ್ಕೆ ಬಂದ ಟಾಟಾ ನೆಕ್ಸಾನ್ ಕಾರಿನಲ್ಲಿ, ಕೈಯಿಂದ ಗೇರು ಹಾಕುವ ಮಾದರಿಗೂ ಇಕೋ, ಸಿಟಿ, ಸ್ಪೋರ್ಟ್ ಎಂಬ ಮೂರು ಮೋಡುಗಳಿದ್ದುವು. ಗೇರನ್ನು ಬದಲಿಸತಕ್ಕವನು ಚಾಲಕನೇ ಆಗಿರಲು, ಸ್ಪೋರ್ಟ್ ಮೋಡಿನಿಂದಾಗುವುದೇನು?

ಗೇರುಗಳಲ್ಲಿ ಏನೂ ವ್ಯತ್ಯಾಸವಾಗದು. ಈಗಿನ ಕಾರುಗಳಲ್ಲಿ ಆಕ್ಸಿಲರೇಟರನ್ನು ಎಷ್ಟು ಒತ್ತಿದೆವೆಂಬುದನ್ನು ಕಂಪ್ಯೂಟರು ತಿಳಿದು ಎಂಜಿನಿಗೆ ಆಜ್ಞೆಮಾಡುತ್ತದೆ. ಸ್ಪೋರ್ಟ್ ಮೋಡಿನಲ್ಲಿ ಸಾಮಾನ್ಯವಾಗಿ ಅಷ್ಟೇ ಒತ್ತಿದರೂ ಎಂಜಿನು ಹೆಚ್ಚು ಚುರುಕಾಗಿ ಓಗೊಡುವುದು. ಘಟ್ಟದ ಏರಿನಲ್ಲಿ ಇದು ಉಪಕಾರಿಯೇ ಸರಿ.

ಆದರೆ ಲಾರಿಯೊಂದನ್ನು ದಾಟಹೊರಟವರು ಇದೊಂದನ್ನೇ ನಂಬತಕ್ಕದ್ದಲ್ಲ. ತಾನಾಗಿ ಗೇರು ಬದಲಿಸುವ ಕಾರು ಅಂತಹ ಹೊತ್ತಿನಲ್ಲಿ ಕೆಳಗಿನ ಗೇರಿಗೆ ತಾನೇ ಇಳಿಯುತ್ತದೆ. ಇಲ್ಲಿ ಆ ಕೆಲಸ ನಮ್ಮದು. ಐದನೆಯ ಗೇರಿನಲ್ಲಿ ನಿಧಾನವಾಗಿ ಸಾಗುತ್ತಿರುವ ಎಂಜಿನಿಗೆ ಯಾವ ಮೋಡೂ ತಕ್ಕಷ್ಟು ಬಲ ತಂದುಕೊಡಲಾರದು. ಎದುರಿಗೆ ಬಸ್ಸು ಬರುತ್ತಿರುತ್ತದೆ, ಹಿಂದಿನ ಆಸನದಲ್ಲಿ ಮಕ್ಕಳಿರುತ್ತಾರೆ. ಆದುದರಿಂದ ದಾಟಲು ಹೊರಡುವ ಮುನ್ನವೇ ಮೂರನೆಯದಕ್ಕೋ ನಾಲ್ಕನೆಯದಕ್ಕೋ ಇಳಿಯಬೇಕು.

ಪೇಟೆಯ ಸಂದಣಿಯಲ್ಲಂತೂ ಸ್ಪೋರ್ಟ್ ಮೋಡ್ ಬೇಡವೆಂದೇ ನಮ್ಮ ಮತ. ಒಂದನೆಯ ಗೇರಿನಲ್ಲಿ ಕ್ಲಚ್ಚು ಬಿಡುವಾಗ ಪಾದವು ತುಸು ಹೆಚ್ಚು ಊರಿದರೂ ಕಾರು ಮುಂದಕ್ಕೆ ಜಗ್ಗುತ್ತದೆ; ವೃದ್ಧರಿಗೆ ಅದು ಶಿಕ್ಷೆಯೇ. ಮಳೆಯಲ್ಲಿ ಚಕ್ರ ಜಾರುವ ಭಯವೂ ಉಂಟು. ಅಲ್ಲಿಗೆ ಸಿಟಿ ಮೋಡೇ ಸಾಕು.