ಹಳೆಯ ಹೊಲಿಗೆಯ ಯಂತ್ರದ ಆರೈಕೆ

ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ, ಪಡಸಾಲೆಯ ಮೂಲೆಯಲ್ಲಿಯೋ ಅಟ್ಟದ ಮೇಲೆಯೋ, ಕಪ್ಪು ಬಣ್ಣದ ಹಳೆಯ ಹೊಲಿಗೆಯ ಯಂತ್ರವೊಂದು ಧೂಳು ಹಿಡಿದು ಕುಳಿತಿರುವುದುಂಟು. ಅಜ್ಜಿಯ ಕಾಲದಲ್ಲಿ ಮನೆಮಂದಿಗೆಲ್ಲ ರವಿಕೆ, ಲಂಗ, ಅಂಗಿಗಳನ್ನು ಹೊಲಿದುಕೊಟ್ಟ ಯಂತ್ರವದು. ಒಂದು ದಿನ ಚಕ್ರವು ತಿರುಗದೆ ನಿಂತಿತು. ಕೆಟ್ಟುಹೋಯಿತೆಂದು ಎಲ್ಲರೂ ನಿರ್ಧರಿಸಿದರು. ಕಡೆಗೆ ಕಬ್ಬಿಣದ ತೂಕಕ್ಕೆ ಗುಜರಿಗೆ ಹಾಕಿದರು. ಹೀಗೆ ಮನೆಬಿಟ್ಟು ಹೋದ ಯಂತ್ರಗಳಲ್ಲಿ ಅನೇಕವು ಕೆಟ್ಟಿರಲಿಲ್ಲ. ಅವುಗಳೊಳಗಿನ ಎಣ್ಣೆಯು ಅಂಟಾಗಿ ಗಟ್ಟಿಕಟ್ಟಿತ್ತು, ಅಷ್ಟೆ.

ಇದನ್ನು ನಾವು ಕಲಿತದ್ದು ನಮ್ಮ ತಪ್ಪಿನಿಂದಲೇ. ನಮ್ಮ ತಾಯಿಯವರ ಯಂತ್ರಕ್ಕೆ ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಹಾಕಿದೆವು. ಕೆಲವು ತಿಂಗಳಲ್ಲಿ ಚಕ್ರವು ಕಲ್ಲಿನಂತಾಯಿತು. ರಿಪೇರಿ ಮಾಡುವವರೊಬ್ಬರು ನೋಡಿ, ಒಳಗಿನ ಭಾಗಗಳೆಲ್ಲ ಸವೆದಿವೆ, ತಮಗೇ ಮಾರಿಬಿಡಿ ಎಂದರು. ತಾಯಿಯವರು ಒಪ್ಪಲಿಲ್ಲ. ಎರಡು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆದ ಮೇಲೆ ಅದೇ ಯಂತ್ರವು ಬೆರಳಿನಿಂದ ತಳ್ಳಿದರೆ ತಿರುಗುವಂತಾಯಿತು.

ಯಂತ್ರದ ಮರ್ಮವನ್ನು ತಿಳಿದರೆ ಆರೈಕೆಯು ಸುಲಭ. ಮೊನೆಯ ಬಳಿ ಕಣ್ಣುಳ್ಳ ಸೂಜಿ, ಅಡಿಯಲ್ಲಿ ಓಡಾಡುವ ಷಟಲ್ಲು, ಇವೆರಡರಿಂದ ಎರಡು ದಾರಗಳ ಹೊಲಿಗೆಯನ್ನು ಹಾಕುವ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ ಎಂಬವರು 1846ರಲ್ಲಿ ಪೇಟೆಂಟು ಪಡೆದರು. ಐಸಾಕ್ ಸಿಂಗರ್ ಅವರು 1851ರಲ್ಲಿ ತಮ್ಮ ಯಂತ್ರಕ್ಕೆ ಪಡೆದರು. ಸೂಜಿಯು ಬಟ್ಟೆಯನ್ನು ತೂರಿ ಕೆಳಗಿಳಿದು, ಮತ್ತೆ ಸ್ವಲ್ಪ ಮೇಲೇಳುವಾಗ ದಾರವು ಒಂದು ಕುಣಿಕೆಯಾಗುತ್ತದೆ. ಷಟಲ್ಲಿನ ಮೊನೆಯು ಆ ಕುಣಿಕೆಯನ್ನು ಹಿಡಿದು, ಬಾಬಿನ್ನಿನ ದಾರವನ್ನು ಅದರೊಳಗಿಂದ ಹಾಯಿಸುತ್ತದೆ. ಎರಡು ದಾರಗಳೂ ಬಟ್ಟೆಯ ನಡುವೆ ಹೆಣೆದುಕೊಳ್ಳುತ್ತವೆ. ಯಂತ್ರವ್ಯಾಮೋಹವನ್ನು ಖಂಡಿಸುತ್ತಿದ್ದ ಗಾಂಧೀಜಿಯವರು ಕೂಡ 1924ರಲ್ಲಿ ಸಿಂಗರ್ ಯಂತ್ರವನ್ನು ತಮ್ಮ ಮಾತಿಗೆ ಅಪವಾದವೆಂದೆಣಿಸಿ, ಉಪಯುಕ್ತವಾದ ಕೆಲವೇ ಸೃಷ್ಟಿಗಳಲ್ಲಿ ಅದೂ ಒಂದೆಂದು ಹೇಳಿದರು.

ಇನ್ನು ದುರಸ್ತಿಯ ಕ್ರಮ. ಯಂತ್ರಕ್ಕೆ ವಿದ್ಯುತ್ ಮೋಟಾರನ್ನು ಜೋಡಿಸಿದ್ದರೆ ಮೊದಲು ಅದರ ತಂತಿಯನ್ನು ಗೋಡೆಯಿಂದ ಕಳಚತಕ್ಕದ್ದು. ಚಕ್ರವು ತಿರುಗಿಯೂ ಸೂಜಿಯು ಅಲುಗದಿದ್ದರೆ ಗಾಬರಿಪಡಬೇಕಾಗಿಲ್ಲ. ಕೈಚಕ್ರದ ನಡುವೆ ಒಂದು ದೊಡ್ಡ ತಿರುಪು ಇರುತ್ತದೆ. ಬಾಬಿನ್ನಿಗೆ ದಾರ ಸುತ್ತುವಾಗ ಅದನ್ನು ಸಡಿಲಿಸಿ, ಆಮೇಲೆ ಬಿಗಿಮಾಡಲು ಮರೆತಿರಬಹುದು. ಚಕ್ರವೇ ತಿರುಗದಿದ್ದರೆ, ಷಟಲ್ಲಿನ ಮನೆಯಲ್ಲಿ ತುಂಡುದಾರವು ಸಿಕ್ಕಿಕೊಂಡಿದೆಯೇ ಎಂದು ನೋಡಬೇಕು. ಬಲಾತ್ಕಾರದಿಂದ ತಿರುಗಿಸಲೇ ಕೂಡದು.

ದಾರವೇನೂ ಇಲ್ಲದಿದ್ದರೆ ದೋಷವು ಒಣಗಿದ ಎಣ್ಣೆಯದೇ ಇರಬಹುದು. ಕೊಬ್ಬರಿ, ಕಡಲೆಕಾಯಿ, ಹರಳು ಮೊದಲಾದ ಎಣ್ಣೆಗಳು ಗಾಳಿಯ ಸಂಪರ್ಕದಿಂದ ಕ್ರಮೇಣ ಅಂಟಾಗುತ್ತವೆ. ಅವು ಅಡಿಗೆಗೂ ತಲೆಗೂ ಯೋಗ್ಯವೇ ಹೊರತು ಯಂತ್ರಕ್ಕಲ್ಲ. ಎಣ್ಣೆಯ ರಂಧ್ರಗಳಿಗೂ, ಲೋಹಕ್ಕೆ ಲೋಹವು ಉಜ್ಜುವ ಕಡೆಗಳಿಗೂ ಎರಡೆರಡು ತೊಟ್ಟು ಸೀಮೆಎಣ್ಣೆಯನ್ನು ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡುವುದು. ಒಲೆ ದೀಪಗಳ ಹತ್ತಿರ ಈ ಕೆಲಸವನ್ನು ಎಂದಿಗೂ ಮಾಡಬಾರದು. ಬೆಳಿಗ್ಗೆ ಚಕ್ರವನ್ನು ಮೆಲ್ಲನೆ ಹಿಂದೆ ಮುಂದೆ ಆಡಿಸಿದರೆ ಕಂದುಬಣ್ಣದ ಕೊಳೆಯು ಒಸರುತ್ತದೆ. ಅದನ್ನು ಒರಸಿ, ಮತ್ತೆ ಬಿಡುವುದು. ಸೀಮೆಎಣ್ಣೆಯು ಕೊಳೆಯನ್ನು ತೊಳೆಯುತ್ತದೆಯೇ ಹೊರತು ಸವೆತವನ್ನು ತಡೆಯಲಾರದು. ಆದಕಾರಣ ಚೊಕ್ಕಟವಾದ ಮೇಲೆ ಹೊಲಿಗೆಯ ಯಂತ್ರಕ್ಕೆಂದೇ ಮಾರುವ ತಿಳಿಯಾದ ಎಣ್ಣೆಯನ್ನು ಪ್ರತಿ ರಂಧ್ರಕ್ಕೂ ಒಂದೊಂದು ತೊಟ್ಟು ಹಾಕಲೇಬೇಕು. ಬಳಿಕ ಹಳೆಯ ಬಟ್ಟೆಯ ಚೂರಿನ ಮೇಲೆ ಹೊಲಿದು, ಹೆಚ್ಚಿನ ಎಣ್ಣೆಯನ್ನು ಹೊರಗೆಡಹುವುದು. ಮೈಮೇಲಿನ ಚಿನ್ನದ ಬಣ್ಣದ ಚಿತ್ತಾರಗಳನ್ನು ಸ್ಪಿರಿಟ್ಟಿನಿಂದ ಉಜ್ಜಬಾರದು. ಅವುಗಳ ಮೇಲಿನ ಅರಗಿನ ಮೆರುಗು ಅದರಲ್ಲಿ ಕರಗಿಹೋಗುತ್ತದೆ.

ಯಂತ್ರವು ಓಡಿಯೂ ಹೊಲಿಗೆಯು ತಪ್ಪುತ್ತಿದ್ದರೆ ಮೊದಲು ಸೂಜಿಯನ್ನು ಶಂಕಿಸಬೇಕು. ಹೊಸ ಸೂಜಿಯನ್ನು ಮೇಲಿನವರೆಗೂ ಪೂರ್ತಿಯಾಗಿ ಸೇರಿಸಿ ಬಿಗಿಮಾಡುವುದು. ಸೂಜಿಯ ಬುಡವು ಸಾಮಾನ್ಯವಾಗಿ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ದುಂಡು. ದುಂಡಾದ ಕಡೆಯಲ್ಲಿ ಉದ್ದನೆಯ ಗೀರೊಂದು ಕಣ್ಣಿನವರೆಗೂ ಇಳಿಯುತ್ತದೆ. ದಾರವು ಈ ಗೀರಿನ ಕಡೆಯಿಂದ ಕಣ್ಣನ್ನು ಹೊಕ್ಕು, ಚಪ್ಪಟೆಯ ಕಡೆಗೆ ಹೊರಬರಬೇಕು. ಚಪ್ಪಟೆಯ ಕಡೆಯು ಷಟಲ್ಲಿನ ಮೊನೆಗೆ ಎದುರಾಗಿರಬೇಕು. ಇದು ತಿರುವುಮುರುವಾದರೆ ಕುಣಿಕೆಯು ಮೊನೆಗೆ ಸಿಕ್ಕುವುದಿಲ್ಲ. ಎರಡನೆಯದಾಗಿ, ಸೂಜಿಯ ಕೆಳಗಿನ ತಗಡನ್ನು ಬಿಚ್ಚಿ, ಬಟ್ಟೆಯನ್ನು ಸಾಗಿಸುವ ಹಲ್ಲುಗಳ ನಡುವೆ ಒತ್ತಿ ಕೂತಿರುವ ಹತ್ತಿಯ ಜುಂಗನ್ನು ಕೆದಕಿ ತೆಗೆಯುವುದು. ಬಟ್ಟೆಯು ಮುಂದೆ ಸಾಗದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಮೂರನೆಯದು ದಾರದ ಬಿಗಿ. ಬಟ್ಟೆಯ ಅಡಿಯಲ್ಲಿ ದಾರವು ಕುಣಿಕೆ ಕುಣಿಕೆಯಾಗಿ ಬಂದರೆ ಅಡಿಯ ದಾರವನ್ನು ದೂಷಿಸುವುದು ವಾಡಿಕೆ. ತಪ್ಪು ಸಾಮಾನ್ಯವಾಗಿ ಮೇಲಿನದು. ದಾರವು ಬಿಗಿಯ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ, ಇಲ್ಲವೆ ಬಿಗಿಯು ಸಾಲದಾಗಿರುತ್ತದೆ. ಬಟ್ಟೆಯನ್ನು ಅದುಮುವ ಪಾದವನ್ನು ಮೇಲೆತ್ತಿ ದಾರವನ್ನು ಪುನಃ ಪೋಣಿಸಿ ನೋಡುವುದು. ಬಾಬಿನ್ ಕೇಸನ್ನು ಅದರ ದಾರದಿಂದಲೇ ತೂಗಾಡಬಿಟ್ಟರೆ ಅದು ತಾನಾಗಿ ಜಾರಬಾರದು, ಕೈಯನ್ನು ಸ್ವಲ್ಪ ಕುಲುಕಿದರೆ ಮಾತ್ರ ತುಸು ಇಳಿಯಬೇಕು. ಅದರ ಪುಟ್ಟ ತಿರುಪನ್ನು ಒಮ್ಮೆಗೆ ಕಾಲು ಸುತ್ತಿಗಿಂತಲೂ ಕಡಮೆಯಾಗಿ ತಿರುಗಿಸಿ ಪರೀಕ್ಷಿಸುವುದು ಯುಕ್ತ.

ಕಾಲಿನಿಂದ ತುಳಿಯುವ ಯಂತ್ರದಲ್ಲಿ ಚರ್ಮದ ಬೆಲ್ಟು ಕಾಲಕ್ರಮದಲ್ಲಿ ಹಿಗ್ಗಿ ಜಾರುತ್ತದೆ. ಅದರ ತುದಿಯನ್ನು ಅರ್ಧ ಅಂಗುಲದಷ್ಟು ಕತ್ತರಿಸಿ, ಹೊಸ ತೂತು ಕೊರೆದು, ತಂತಿಯ ಕೊಂಡಿಯಿಂದ ಮತ್ತೆ ಸೇರಿಸಿದರೆ ಸಾಕು. ಬೆಲ್ಟಿಗೆ ಎಣ್ಣೆಯು ತಗುಲಬಾರದು. ಮೆಟ್ಟುವ ಹಲಗೆಯ ಕೀಲುಗಳಿಗಾದರೋ ತಪ್ಪದೆ ಬೇಕು.

ದಿನವಿಡೀ ಹೊಲಿಯುವವರು ದಿನಕ್ಕೊಮ್ಮೆ ಎಣ್ಣೆ ಹಾಕಲಿ. ಆಗಾಗ ಹೊಲಿಯುವವರು ಕೂರುವ ಮುನ್ನ ಒಂದೊಂದು ತೊಟ್ಟು ಬಿಡಲಿ. ಸರಳವಾದ ಪರೀಕ್ಷೆಗಳನ್ನೆಲ್ಲ ಮುಗಿಸದೆ ಒಳಗಿನ ತಿರುಪುಗಳಿಗೆ ಕೈಯಿಕ್ಕದಿರಲಿ. ಸೂಜಿ ಷಟಲ್ಲುಗಳ ಮೇಳವು ತಪ್ಪಿದೆಯೆಂದು ನಿಶ್ಚಯವಾದರೆ ಮಾತ್ರ ಬಲ್ಲವರ ಬಳಿಗೆ ಒಯ್ಯುವುದು ಲೇಸು.

ನಮ್ಮ ತಾಯಿಯವರ ಯಂತ್ರವನ್ನು ಈಗ ನೆರೆಮನೆಯ ಹೆಣ್ಣುಮಗಳೊಬ್ಬಳು ತುಳಿಯುತ್ತಾಳೆ. ಅದರಿಂದ ಅವಳ ಮಕ್ಕಳ ಶಾಲೆಯ ಖರ್ಚು ನಡೆಯುತ್ತಿದೆ. ಅಂದು ಅದು ಗುಜರಿಗೆ ಹೋಗಿದ್ದರೆ ಬರುತ್ತಿದ್ದುದು ಕಬ್ಬಿಣದ ಬೆಲೆ ಮಾತ್ರ. ನಿಮ್ಮ ಮನೆಯ ಮೂಲೆಯಲ್ಲಿಯೂ ಅಂಥದೊಂದು ಯಂತ್ರವಿದ್ದರೆ, ಮಾರುವ ಮೊದಲು ಒಂದು ರಾತ್ರಿ ಅದನ್ನು ನೆನೆಯಲು ಬಿಟ್ಟು ನೋಡಿರೆಂದು ನಮ್ಮ ಬಿನ್ನಹ.