ಶಾಸ್ತ್ರವನ್ನು ಪ್ರಶ್ನಿಸಿದ ಮಾಸ್ತರ: ಶಂ.ಬಾ. ಜೋಶಿ

ಶಂ.ಬಾ. ಜೋಶಿ ಹುಟ್ಟಿದ್ದು 1896ರಲ್ಲಿ, ಸವದತ್ತಿ ಬಳಿಯ ಗುರ್ಲಹೊಸೂರಿನಲ್ಲಿ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟು ಬರಲು ಇನ್ನೂ ಬಹಳ ವರ್ಷಗಳಿದ್ದವು. ಎಲ್ಲಮ್ಮನ ಗುಡ್ಡ ಮಾತ್ರ ಆಗಲೂ ಇತ್ತು. ಅಲ್ಲಿಗೆ ಇಂದಿಗೂ ಕನ್ನಡದವರು, ಮರಾಠಿಯವರು ಒಟ್ಟಿಗೇ ಹತ್ತುತ್ತಾರೆ, ‘ಉಧೋ ಉಧೋ’ ಎನ್ನುವಾಗ ಯಾರ ಭಾಷೆ ಯಾವುದೆಂದು ಗೊತ್ತಾಗುವುದಿಲ್ಲ. ಈ ಎರಡು ಜನಗಳ ಬೇರು ಒಂದೇ ಎಂದು ತೋರಿಸಲು ಶಂಬಾ ಮುಂದೆ ಪುಸ್ತಕಗಳನ್ನೇ ಬರೆದರು.

ಯೌವನದಲ್ಲಿ ಟಿಳಕರ ರಾಷ್ಟ್ರೀಯತೆ ಅವರನ್ನು ಸೆಳೆಯಿತು. ಆಮೇಲೆ ಧಾರವಾಡವೇ ಮನೆಯಾಯಿತು. ಬೇಂದ್ರೆಯವರ ಗೆಳೆಯರ ಗುಂಪಿನ ಒಡನಾಟ ಸಿಕ್ಕಿತು. ಹೊಟ್ಟೆಪಾಡಿಗೆ ಹಿಡಿದದ್ದು ಶಾಲಾ ಮಾಸ್ತರಿಕೆ. ಧರ್ಮಗ್ರಂಥಗಳನ್ನು ಪ್ರಶ್ನಿಸಿ ಓದುವ ಅವರ ಬಗೆಯ ಕೆಲಸ ಯುರೋಪಿನಲ್ಲಿ ಹೆಚ್ಚಾಗಿ ವಿಶ್ವವಿದ್ಯಾಲಯಗಳಲ್ಲಿ ನಡೆಯಿತು. ಬೈಬಲ್ಲಿನ ಮೊದಲ ಐದು ಗ್ರಂಥಗಳು ಮೋಶೆಯೊಬ್ಬನ ಬರಹವಲ್ಲ, ಹಲವು ಕಾಲದ ಪದರಗಳ ಜೋಡಣೆ ಎಂದು ವಾದಿಸಿದ ಜರ್ಮನಿಯ ವೆಲ್‌ಹೌಸೆನ್ ಪ್ರಾಧ್ಯಾಪಕ. 1882ರಲ್ಲಿ ದೇವಶಾಸ್ತ್ರದ ಪೀಠವನ್ನು ತಾನೇ ಬಿಟ್ಟ. ಅದಕ್ಕೂ ಮೊದಲು ಯೇಸುವಿನ ಚರಿತ್ರೆಯ ಪವಾಡಗಳನ್ನು ಪುರಾಣವೆಂದ ಸ್ಟ್ರೌಸ್ ಹುದ್ದೆ ಕಳೆದುಕೊಂಡ. ಶಂಬಾರಿಗೆ ಬಿಡಲು ಪೀಠವೇ ಇರಲಿಲ್ಲ. ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

1933ರ ‘ಕಣ್ಮರೆಯಾದ ಕನ್ನಡ’ದಲ್ಲಿ ಅವರು ಹಿಡಿದ ದಾರಿ ಸ್ಪಷ್ಟವಾಗುತ್ತದೆ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಎಂದು ‘ಕವಿರಾಜಮಾರ್ಗ’ ಹೇಳಿದ್ದನ್ನು ಹೆಮ್ಮೆಯ ಮಾತೆಂದು ಬಿಡದೆ, ಮಹಾರಾಷ್ಟ್ರದ ಊರ ಹೆಸರುಗಳಲ್ಲಿ ಕನ್ನಡದ ಕುರುಹು ಹುಡುಕಿದರು. ‘ಮರಹಟ್ಟ’ ಎಂಬ ಹೆಸರಿನೊಳಗೂ ದನ ಕುರಿ ಕಟ್ಟುವ ‘ಹಟ್ಟಿ’ ಕಂಡಿತು. ಮರಾಠಿಗರಿಗೂ ಕನ್ನಡಿಗರಿಗೂ ಹಿಂದೆ ಒಬ್ಬರೇ ಹಿರಿಯರು, ಪಶುಪಾಲಕ ಹಟ್ಟಿಕಾರರು ಎಂಬುದು ಅವರ ತೀರ್ಮಾನ. ಕುರುಬರ ಪರಂಪರೆಗೆ ‘ಹಾಲುಮತ ದರ್ಶನ’ ಎಂಬ ಪುಸ್ತಕವನ್ನೇ ಮೀಸಲಿಟ್ಟರು. ಬ್ರಾಹ್ಮಣ ಮನೆತನದ ವಿದ್ವಾಂಸರೊಬ್ಬರು ಸಂಸ್ಕೃತಿಯ ಬುಡವನ್ನು ಅಗ್ರಹಾರದಲ್ಲಿ ಹುಡುಕದೆ ಕುರಿಹಟ್ಟಿಯಲ್ಲಿ ಹುಡುಕಿದ್ದು ಸಣ್ಣ ಮಾತಲ್ಲ.

ವೇದ, ಪುರಾಣಗಳತ್ತ ತಿರುಗಿದಾಗಲೂ ಇದೇ ಧಾಟಿ. ಅವು ಪೂಜೆಗಿಟ್ಟ ಗ್ರಂಥಗಳಲ್ಲ, ಜನಾಂಗಗಳ ನೆನಪು ಸಂಕೇತಗಳಾಗಿ ಉಳಿದ ದಾಖಲೆಗಳು. ಓದಲು ಭಕ್ತಿಯೊಂದೇ ಸಾಲದು. ಇದಕ್ಕಾಗಿ ಭಾಷಾಶಾಸ್ತ್ರದ ಜೊತೆಗೆ ಯೂಂಗನ ಮನೋವಿಜ್ಞಾನವನ್ನೂ ಬಳಸಿಕೊಂಡರು. ಅರ್ಥ ತಿಳಿಯದೆ ಆಚಾರದ ಹೊಳೆಯಲ್ಲಿ ತೇಲುವವರಿಗೆ ಅವರು ಕೊಟ್ಟ ಹೆಸರು ‘ಪ್ರವಾಹಪತಿತರು’. ಹಿಂದೂ ಧರ್ಮದ ಕುರಿತ ಗ್ರಂಥದ ಶೀರ್ಷಿಕೆಯಲ್ಲೇ ಆ ಮಾತಿದೆ. ಆದರೆ ಅವರು ನಾಸ್ತಿಕ ಪ್ರಚಾರಕರಲ್ಲ. ಧರ್ಮವನ್ನು ತಿಳಿದು ಬದುಕಬೇಕೆಂಬ ಹಟ ಅವರದು.

ಅವರ ನಿರುಕ್ತಿಗಳೆಲ್ಲ ನಿಲ್ಲುವಂಥವಲ್ಲ. ಎರಡು ಪದಗಳ ದನಿ ಹೋಲಿದೊಡನೆ ಸಾವಿರಾರು ವರ್ಷ ದಾಟಿಬಿಡುವ ಆತುರ ಅಲ್ಲಲ್ಲಿ ಕಾಣುತ್ತದೆ. ಪ್ರಶ್ನೆಗಳು ಮಾತ್ರ ಗಟ್ಟಿ.

‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1981ರ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1991ರಲ್ಲಿ, ತೊಂಬತ್ತೈದರ ವಯಸ್ಸಿನಲ್ಲಿ ತೀರಿಕೊಂಡರು. ಹೊಸದಾಗಿ ಓದುವವರು ‘ಕಣ್ಮರೆಯಾದ ಕನ್ನಡ’ದಿಂದ ತೊಡಗುವುದು ಲೇಸು, ‘ಪೂರ್ವಪೀಠಿಕೆ’ ಹೆಚ್ಚು ತಾಳ್ಮೆ ಬೇಡುತ್ತದೆ.