ಒಂದು ಭಾನುವಾರ, ಒಂದು ರಿಟರ್ನ್ ಟಿಕೆಟ್



ಜೂನ್-ಜುಲೈ ಬಂತೆಂದರೆ ಮುಂಬಯಿಯ ಕನ್ನಡ ಮನೆಗಳಿಗೆ ಊರಿಂದ ಹೊಸ ಮುಖಗಳು ಬರುತ್ತವೆ. ಅಕ್ಕನ ಮಗ, ಪಕ್ಕದ ಮನೆಯವರ ತಂಗಿಯ ಮಗಳು, ಗುರುತಿನವರ ಗುರುತಿನವರು. ಒಬ್ಬರಿಗೆ ಪೊವಾಯಿಯಲ್ಲಿ ಸೀಟು, ಇನ್ನೊಬ್ಬರಿಗೆ ಮಾಟುಂಗದಲ್ಲಿ, ಮತ್ತೊಬ್ಬರಿಗೆ ಕಲೀನಾದ ವಿದ್ಯಾನಗರಿಯಲ್ಲಿ ಎಂ.ಎ. ಮೊದಲ ವಾರ ನಾವೇ ಜೊತೆಗೆ ಹೋಗಿ ಸ್ಟೇಷನ್ ತೋರಿಸುತ್ತೇವೆ, ಕಾಲೇಜಿನ ಫಾರಂ ಕೊಟ್ಟು ರಿಯಾಯಿತಿ ಪಾಸ್ ಮಾಡಿಸಿಕೊಡುತ್ತೇವೆ. ಅಲ್ಲಿಂದ ಮುಂದೆ ಅವರ ಮುಂಬಯಿ ಎಂದರೆ ಆ ಪಾಸಿನ ಮೇಲೆ ಬರೆದ ಎರಡು ಸ್ಟೇಷನ್‌ಗಳು. ಡೊಂಬಿವಲಿಯಿಂದ ಮಾಟುಂಗ, ಮಾಟುಂಗದಿಂದ ಡೊಂಬಿವಲಿ. ಎರಡು ವರ್ಷ ಹೀಗೇ ಕಳೆದು, ಡಿಗ್ರಿ ಕೈಗೆ ಬಂದು, ಬೆಂಗಳೂರಿಗೋ ಅಮೆರಿಕಕ್ಕೋ ಹೊರಟು ನಿಂತವರನ್ನು "ರಾಜಾಬಾಯಿ ಟವರ್ ನೋಡಿದೆಯಾ?" ಎಂದು ಕೇಳಿ ನೋಡಿ. "ಟ್ಯಾಕ್ಸಿಯಿಂದ ಒಂದು ಸಲ ನೋಡಿದ ಹಾಗಿದೆ" ಎನ್ನುತ್ತಾರೆ.

ಈ ಸಲದ ಬರಹ ಅಂಥವರಿಗಾಗಿ, ಮತ್ತು ಅವರನ್ನು ಒಬ್ಬರೇ ಹೊರಗೆ ಬಿಡಲು ಹೆದರುವ ಮಾವ-ಅತ್ತೆಯರಿಗಾಗಿ. ಒಂದು ಭಾನುವಾರ ಒಬ್ಬರೇ ಹೋಗಿಬನ್ನಿ. ಗುಂಪಿನಲ್ಲಿ ಹೋದರೆ ದಾರಿ ಗೊತ್ತಿದ್ದವನ ಹಿಂದೆ ಮಿಕ್ಕವರು ಹರಟುತ್ತಾ ನಡೆಯುತ್ತಾರೆ. ಯಾವ ಪ್ಲಾಟ್‌ಫಾರಂ, ಯಾವ ಗಾಡಿ, ಎಲ್ಲಿ ಇಳಿದದ್ದು ಎಂದು ಮರುದಿನ ಯಾರಿಗೂ ನೆನಪಿರುವುದಿಲ್ಲ. ಒಬ್ಬರೇ ಹೋದಾಗ ಇಂಡಿಕೇಟರನ್ನು ನಾವೇ ಓದಬೇಕು, ಕೇಳಬೇಕಾದದ್ದನ್ನು ನಾವೇ ಕೇಳಬೇಕು.

ಮುಂಬಯಿಯಲ್ಲಿ ದಾರಿ ತಪ್ಪುವುದು ಸುಲಭವಲ್ಲ. ಊರು ಉದ್ದಕ್ಕೆ ಚಾಚಿಕೊಂಡಿದೆ, ಅಗಲ ಕಡಿಮೆ. ಪಶ್ಚಿಮಕ್ಕೆ ಸಮುದ್ರ, ಊರಿನ ಉದ್ದಕ್ಕೂ ರೈಲು. ಚರ್ಚ್‌ಗೇಟ್‌ನಿಂದ ವಿರಾರ್ ಕಡೆಗೆ ವೆಸ್ಟರ್ನ್ ಲೈನ್, ಸಿ.ಎಸ್.ಎಂ.ಟಿ.ಯಿಂದ ಕಲ್ಯಾಣ್ ಕಡೆಗೆ ಸೆಂಟ್ರಲ್, ಅಲ್ಲಿಂದಲೇ ಪನ್ವೇಲ್ ಕಡೆಗೆ ಹಾರ್ಬರ್. ದಾದರಿನಲ್ಲಿ ವೆಸ್ಟರ್ನ್-ಸೆಂಟ್ರಲ್ ಸೇರುತ್ತವೆ, ಕುರ್ಲಾದಲ್ಲಿ ಸೆಂಟ್ರಲ್-ಹಾರ್ಬರ್. ಇಷ್ಟು ತಲೆಯಲ್ಲಿದ್ದರೆ ಸಾಕು. ಎಲ್ಲೇ ಕಳೆದುಹೋದರೂ "ಹತ್ತಿರದ ಸ್ಟೇಷನ್ ಯಾವುದು?" ಎಂದು ಕೇಳಿದರೆ ಅರ್ಧ ಮನೆ ಸೇರಿದ ಹಾಗೆ.

ಕೇಳುವ ಭಾಷೆಯ ಬಗ್ಗೆಯೂ ಹೆದರಿಕೆ ಬೇಡ. ಹಿಂದಿ ಹರಕುಮುರುಕಾದರೂ ನಡೆಯುತ್ತದೆ, ಆದರೆ ಮರಾಠಿ ನಮಗೆ ಅಂದುಕೊಂಡಷ್ಟು ದೂರದ್ದಲ್ಲ. ನಾವು 'ಈ ಕಡೆ' ಎಂದರೆ ಅವರು 'ಇಕಡೆ' ಎನ್ನುತ್ತಾರೆ. ಬಲಕ್ಕೆ 'ಉಜವೀಕಡೆ', ಎಡಕ್ಕೆ 'ಡಾವೀಕಡೆ'. ನಮ್ಮ ತುಪ್ಪ ಅವರಿಗೆ 'ತೂಪ್'. ಗಾಡಿಯಲ್ಲಿ 'ಪುಢೀಲ್ ಸ್ಟೇಷನ್' ಎಂದು ಧ್ವನಿ ಬಂದರೆ ಮುಂದಿನ ಸ್ಟೇಷನ್ ಎಂದರ್ಥ.

ಇನ್ನು ಭಾನುವಾರಕ್ಕೆ ಒಂದು ಗುಟ್ಟಿದೆ, ಹಳೆ ಮುಂಬಯಿಕರರಿಗೆಲ್ಲ ಗೊತ್ತಿರುವಂಥದ್ದು: ಮೆಗಾಬ್ಲಾಕ್. ಹಳಿ, ವಿದ್ಯುತ್ ತಂತಿ, ಸಿಗ್ನಲ್‌ಗಳ ದುರಸ್ತಿಗೆಂದು ಭಾನುವಾರ ಹಗಲು ನಾಲ್ಕೈದು ತಾಸು ಕೆಲವು ಹಳಿಗಳನ್ನು ಮುಚ್ಚುತ್ತಾರೆ. ಯಾವ ಲೈನು, ಎಲ್ಲಿಂದ ಎಲ್ಲಿಗೆ ಎಂದು ಹಿಂದಿನ ದಿನವೇ ಪ್ರಕಟವಾಗುತ್ತದೆ. ಶನಿವಾರ ರಾತ್ರಿ ನೋಡಿಟ್ಟುಕೊಳ್ಳಿ. ನೋಡದಿದ್ದರೂ, ಬೆಳಿಗ್ಗೆ ಎಂಟಕ್ಕೆ ಮೊದಲು ದಕ್ಷಿಣಕ್ಕೆ ಹೊರಟು, ಸಂಜೆ ಆರರ ಮೇಲೆ ಉತ್ತರಕ್ಕೆ ಮರಳಿದರೆ ಸಾಮಾನ್ಯವಾಗಿ ಬ್ಲಾಕ್ ನಿಮ್ಮನ್ನು ಕಾಡುವುದಿಲ್ಲ.

ಟಿಕೆಟ್ ವಿಷಯ. ಲೋಕಲ್‌ನ ಸೆಕೆಂಡ್ ಕ್ಲಾಸ್ ದರ 5 ರೂಪಾಯಿಯಿಂದ ಶುರು. ಬೆಸ್ಟ್ ಬಸ್ಸಿನ ಕನಿಷ್ಠ ದರ 2025ರ ಮೇ ತಿಂಗಳಲ್ಲಿ 5ರಿಂದ 10 ರೂಪಾಯಿಗೆ ಏರಿತು. ಬೆಳಿಗ್ಗೆಯೇ ರಿಟರ್ನ್ ಟಿಕೆಟ್ ಕೊಂಡುಬಿಡಿ, ಸಂಜೆಯ ಕ್ಯೂ ತಪ್ಪುತ್ತದೆ. ಹತ್ತುವಾಗ ಡಬ್ಬಿಯ ಮೇಲೆ ಕಣ್ಣಿರಲಿ. ಓರೆ ಪಟ್ಟೆ ಬಳಿದಿದ್ದರೆ ಅದು ಫಸ್ಟ್ ಕ್ಲಾಸ್. ಎ.ಸಿ. ಲೋಕಲ್‌ಗೆ ಬೇರೆಯೇ ಟಿಕೆಟ್ ಬೇಕು, ಸೆಕೆಂಡ್ ಕ್ಲಾಸಿನ ಪಾಸ್ ಅಲ್ಲಿ ನಡೆಯದು. ಮೊಬೈಲಿನಲ್ಲಿ ಟಿಕೆಟ್ ತೆಗೆಯುವವರು ಬ್ಯಾಟರಿ ಮುಗಿದರೆ ಟಿಕೆಟ್ಟೂ ಇಲ್ಲ ಎಂಬುದನ್ನು ನೆನಪಿಡಿ. ಇನ್ನೂರು ರೂಪಾಯಿ ನಗದು ಮತ್ತು ಮನೆಯವರ ನಂಬರ್ ಬರೆದ ಚೀಟಿ ಬೇರೆ ಜೇಬಿನಲ್ಲಿರಲಿ. ಗದ್ದಲದ ಗಾಡಿಯಲ್ಲಿ ಫೋನ್ ಕಳೆದುಕೊಳ್ಳುವುದು ಅಪರೂಪವೇನಲ್ಲ.

ಅತ್ತೆ-ಮಾವಂದಿರ ಹೆದರಿಕೆಗೆ ಕಾರಣ ಇಲ್ಲದಿಲ್ಲ. ಮುಂಬಯಿಯ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಬಹಳಷ್ಟು ಮಂದಿ ಹಳಿ ದಾಟುವಾಗ, ಮಿಕ್ಕವರಲ್ಲಿ ಹಲವರು ಗಾಡಿಯಿಂದ ಬಿದ್ದು. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಬಾಗಿಲಲ್ಲಿ ನೇತಾಡುತ್ತಿದ್ದವರು ಬಿದ್ದು ಸತ್ತದ್ದು ನಿಮಗೆಲ್ಲ ನೆನಪಿರಬಹುದು. ಹಾಗಾಗಿ ಹೊಸಬರಿಗೆ ಎರಡೇ ಮಾತು: ಎಷ್ಟೇ ಅವಸರವಿರಲಿ ಸೇತುವೆ ಹತ್ತಿಯೇ ದಾಟಿ, ಗಾಡಿ ತುಂಬಿದ್ದರೆ ಬಿಡಿ, ಇನ್ನೊಂದು ಬರುತ್ತದೆ. ಹೆಣ್ಣುಮಕ್ಕಳಿಗೆ ಲೇಡೀಸ್ ಡಬ್ಬಿ ಇದೆ. ಎಲ್ಲಿ ಇಳಿಯಬೇಕು, ಯಾವ ಕಡೆ ಪ್ಲಾಟ್‌ಫಾರಂ ಬರುತ್ತದೆ ಎಂದು ಹೇಳಿಕೊಡಲು ಅಲ್ಲಿ ಹತ್ತು ಜನ ಇರುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ರೈಲ್ವೆ ಸಹಾಯವಾಣಿ 139. ಮಳೆಗಾಲದಲ್ಲಿ ಭಾರಿ ಮಳೆ ಮತ್ತು ಸಮುದ್ರದ ಭರತ ಒಟ್ಟಿಗೆ ಬರುವ ದಿನ ಮಾತ್ರ ಹೊರಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ದಾರಿಯಲ್ಲಿದ್ದವರು ಇವತ್ತಿಗೂ ಆ ಕತೆ ಹೇಳುತ್ತಾರೆ.

ಸರಿ, ಹೊರಡೋಣ. ಮೊದಲು ಸೆಂಟ್ರಲ್ ಲೈನಿನ ಮಾಟುಂಗದಲ್ಲಿ ಇಳಿಯಿರಿ. 2017ರಿಂದ ಈ ಸ್ಟೇಷನ್ನನ್ನು ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ. ಹೊರಗೆ ಬಂದರೆ ಹೂವಿನ ಅಂಗಡಿ, ಕಾಫಿಪುಡಿಯ ಘಮ. ಸ್ಟೇಷನ್ ಎದುರಿಗೇ ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. ಅದು ಊಟದ ಜಾಗ. ತಿಂಡಿಗೆ ಕೆಫೆ ಮದ್ರಾಸ್‌ನಂಥವು ಹತ್ತಿರದಲ್ಲೇ ಇವೆ, ಭಾನುವಾರ ಕಾಯಬೇಕು, ಆದರೆ ಒಬ್ಬರೇ ಇದ್ದರೆ ಬೇಗ ಜಾಗ ಸಿಗುತ್ತದೆ. ಒಂಟಿ ಪ್ರವಾಸದ ಮೊದಲ ಲಾಭ! ಭಾವು ದಾಜಿ ರಸ್ತೆಯಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ. ಬೋರ್ಡಿನಲ್ಲಿ ಮುಂದಿನ ಕಾರ್ಯಕ್ರಮ ಏನಿದೆ ನೋಡಿಕೊಳ್ಳಿ.

ಅಲ್ಲಿಂದ ಸಿ.ಎಸ್.ಎಂ.ಟಿ. ಹಳಬರ ಬಾಯಲ್ಲಿ ಈಗಲೂ ವಿ.ಟಿ. ಈ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಠಾಣೆಗೆ ಹೊರಟದ್ದು ಇಲ್ಲೇ ಇದ್ದ ಬೋರಿಬಂದರಿನಿಂದ, 34 ಕಿಲೋಮೀಟರ್. ಇವತ್ತಿನ ಕಟ್ಟಡ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿಯದು, 1878ರಲ್ಲಿ ಆರಂಭವಾಗಿ ಹತ್ತು ವರ್ಷ ಹಿಡಿಯಿತು. ದಿನವೂ ಇದರೊಳಗಿಂದ ಓಡುವ ಲಕ್ಷಾಂತರ ಜನರಲ್ಲಿ ತಲೆಯೆತ್ತಿ ನೋಡುವವರು ಕಡಿಮೆ. ರಸ್ತೆ ದಾಟಿ ಎದುರು ನಿಂತು ನೋಡಿ. ಗೋಡೆಯ ಮೇಲೆ ನವಿಲು, ಕೋತಿ, ಹಲ್ಲಿ ಎಲ್ಲ ಇವೆ.

ಸ್ಟೇಷನ್ನಿನ ಉತ್ತರಕ್ಕೆ ಐದು ನಿಮಿಷ ನಡೆದರೆ 1857ರಲ್ಲಿ ಶುರುವಾದ ಜೆ. ಜೆ. ಸ್ಕೂಲ್ ಆಫ್ ಆರ್ಟ್. ಉಡುಪಿ ಹತ್ತಿರದ ಕಟ್ಟಿಂಗೇರಿಯ ಹುಡುಗನೊಬ್ಬ ಇಲ್ಲಿ ಚಿತ್ರಕಲೆ ಕಲಿತು, ಇಲ್ಲೇ ಕಲಿಸಿ, 1949ರಲ್ಲಿ ಪ್ಯಾರಿಸ್ಸಿಗೆ ಮತ್ತೆ ವಿದ್ಯಾರ್ಥಿಯಾಗಿ ಹೋದರು. ಅವರೇ ಕೆ. ಕೆ. ಹೆಬ್ಬಾರ್.

ಈಗ ದಕ್ಷಿಣಕ್ಕೆ ತಿರುಗಿ ಫೋರ್ಟಿನೊಳಗೆ ನಡೆಯಿರಿ. ವಾರದ ದಿನ ಕಾಲಿಡಲು ಜಾಗವಿಲ್ಲದ ಬೀದಿಗಳು ಭಾನುವಾರ ಖಾಲಿ. ಈ ಗಲ್ಲಿಗಳ ಹೋಟೆಲುಗಳಲ್ಲಿ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಮೆಟ್ರಿಕ್ ಮುಗಿಸಿದ ನಮ್ಮ ಹಿರಿಯರು ಎಷ್ಟೋ ಮಂದಿ. ನಮ್ಮ ಕೇಳುಗರಲ್ಲೇ ಅಂಥವರಿದ್ದಾರೆ. ಇಂದಿನ ವಿದ್ಯಾರ್ಥಿಗಳು ಅವರ ಹತ್ತಿರ ಒಂದು ಗಂಟೆ ಕೂತರೆ ಯಾವ ಗೈಡೂ ಹೇಳದ ಫೋರ್ಟ್ ಕಣ್ಣಮುಂದೆ ಬರುತ್ತದೆ.

ಫ್ಲೋರಾ ಫೌಂಟನ್ ಪಕ್ಕ ಹುತಾತ್ಮ ಚೌಕ, ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಪ್ರಾಣ ಕೊಟ್ಟವರ ಸ್ಮಾರಕ. ಇಲ್ಲಿ ನಿಂತಾಗ ನಮ್ಮ ಚರಿತ್ರೆಯನ್ನೂ ನೆನೆಯಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರ ತನಕ ಇದ್ದದ್ದು ಮುಂಬಯಿ ರಾಜ್ಯದಲ್ಲಿ. ಹುಬ್ಬಳ್ಳಿಯ ಹುಡುಗನಿಗೆ ಇದೇ ರಾಜಧಾನಿ. ಧಾರವಾಡದಲ್ಲಿ 1949ರಲ್ಲಿ ಸ್ವಂತ ವಿಶ್ವವಿದ್ಯಾಲಯ ಆಗುವ ಮೊದಲು ಅಲ್ಲಿ ಓದಿದವರಿಗೂ ಪದವಿ ಬರುತ್ತಿದ್ದದ್ದು ಮುಂಬಯಿ ವಿಶ್ವವಿದ್ಯಾಲಯದ್ದೇ. ಅದರ ಹಳೆಯ ಆವರಣ ಇಲ್ಲಿಂದ ಹತ್ತು ನಿಮಿಷ, 1878ರಲ್ಲಿ ಪೂರ್ತಿಯಾದ ರಾಜಾಬಾಯಿ ಗಡಿಯಾರ ಗೋಪುರ ಅಲ್ಲೇ ಇದೆ. ಹಣ ಕೊಟ್ಟ ಪ್ರೇಮಚಂದ್ ರಾಯಚಂದ್ ಅದಕ್ಕೆ ತಾಯಿಯ ಹೆಸರಿಟ್ಟರು. ಗೋಪುರ ಚೆನ್ನಾಗಿ ಕಾಣುವುದು ಓವಲ್ ಮೈದಾನದಿಂದ. ಒಂದು ಪಕ್ಕ ವಿಕ್ಟೋರಿಯಾ ಕಾಲದ ಕಲ್ಲಿನ ಕಟ್ಟಡಗಳು, ಇನ್ನೊಂದು ಪಕ್ಕ ಆರ್ಟ್ ಡೆಕೋ ಮನೆಗಳು, 2018ರಲ್ಲಿ ಯುನೆಸ್ಕೋ ಎರಡನ್ನೂ ವಿಶ್ವಪರಂಪರೆ ಎಂದಿತು. ನಡುವೆ ಹತ್ತಿಪ್ಪತ್ತು ಕ್ರಿಕೆಟ್ ಪಂದ್ಯಗಳು, ಯಾರ ಚೆಂಡು ಯಾರ ಫೀಲ್ಡರಿಗೆ ಹೋಯಿತೋ ದೇವರೇ ಬಲ್ಲ.

ಮಧ್ಯಾಹ್ನದ ಬಿಸಿಲು ಏರಿದಾಗ ಮ್ಯೂಸಿಯಂ ಸೇರಿ. 1922ರಲ್ಲಿ ತೆರೆದ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಈಗ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯ. ಐಡಿ ಕಾರ್ಡ್ ಒಯ್ಯಿರಿ, ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. ಶಿಲ್ಪಗಳ ವಿಭಾಗಕ್ಕೆ ಹೋಗಿ ಐಹೊಳೆಯ ಕಲ್ಲುಗಳು ಎಲ್ಲಿ ಎಂದು ಕೇಳಿ. ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಫಲಕಗಳು ಅಲ್ಲಿವೆ. ಚಾಲುಕ್ಯರ ಕಾಲದವು. ಮಲಪ್ರಭೆಯ ದಂಡೆಯಲ್ಲಿ ತಲೆಯ ಮೇಲೆ ಇದ್ದ ದೇವರು ಇಲ್ಲಿ ನಮ್ಮ ಎದುರಿಗೇ, ಕಣ್ಣಳತೆಯಲ್ಲಿ. ಬಾಗಲಕೋಟೆ ಕಡೆಯ ವಿದ್ಯಾರ್ಥಿ ಒಬ್ಬನೇ ಹೋಗಿ ನಿಂತಾಗ ಹೇಗಾಗುತ್ತದೆ ಎಂಬುದನ್ನು ಬರೆದು ಹೇಳುವುದು ಕಷ್ಟ. ಅವನ್ನು ಊರಿನಿಂದ ಇಲ್ಲಿಗೆ ತಂದದ್ದು ಸರಿಯೇ ಎಂಬ ಜಗಳ ಬೇರೆ, ಅದನ್ನು ಇನ್ನೊಮ್ಮೆ ಆಡೋಣ. ಪಕ್ಕದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಪ್ರವೇಶ ಉಚಿತ. ಗೇಟ್‌ವೇ ಹತ್ತಿರದಲ್ಲೇ ಇದೆ, ನೋಡಿಬನ್ನಿ, ಆದರೆ ದೋಣಿ ಹತ್ತಿ ಎಲಿಫಂಟಾಗೆ ಹೊರಟರೆ ಉಳಿದ ದಿನ ಮುಗಿಯಿತು.

ಸಂಜೆ ಮರೀನ್ ಡ್ರೈವ್. ಅದರ ಬಗ್ಗೆ ನಾನು ಹೇಳುವುದಕ್ಕೇನಿಲ್ಲ, ಕಟ್ಟೆಯ ಮೇಲೆ ಕೂರಿ. ನಾಟಕದ ಹುಚ್ಚಿದ್ದರೆ ಅದರ ದಕ್ಷಿಣ ತುದಿಯ ಎನ್.ಸಿ.ಪಿ.ಎ.ಯಲ್ಲಿ ಏನಿದೆ ಎಂದು ವಿಚಾರಿಸಿ. ಶಿರಸಿಯಲ್ಲಿ ಯಕ್ಷಗಾನ, ಕಂಪನಿ ನಾಟಕ ನೋಡಿ ಬೆಳೆದು, ಧಾರವಾಡದಲ್ಲಿ ಬಿ.ಎ. ಮುಗಿಸಿ ಈ ಊರಿಗೆ ಓದಲು ಬಂದಿದ್ದ ಗಿರೀಶ ಕಾರ್ನಾಡರು ಇಬ್ರಾಹಿಂ ಅಲ್ಕಾಜಿ ಆಡಿಸಿದ ಸ್ಟ್ರಿಂಡ್‌ಬರ್ಗ್‌ನ 'ಮಿಸ್ ಜೂಲಿ' ನೋಡಿದರು. ಆ ನಾಟಕದ ಮನುಷ್ಯರ ಕ್ರೌರ್ಯ, ರಂಗದ ಮೇಲೆ ದೀಪ ಮೆಲ್ಲಗೆ ಏರಿ ಇಳಿಯುವ ಪರಿ, ಎರಡೂ ತಮ್ಮನ್ನು ಬೆರಗಾಗಿಸಿದ್ದನ್ನು ಮುಂದೆ ಬರೆದಿದ್ದಾರೆ. 1960ರಲ್ಲಿ ಅವರು ಆಕ್ಸ್‌ಫರ್ಡಿಗೆ ಹೋದರು, ಮರುವರ್ಷ 'ಯಯಾತಿ' ಪ್ರಕಟವಾಯಿತು.

ಮರಳುವುದು ಚರ್ಚ್‌ಗೇಟ್‌ನಿಂದಾದರೆ ಅಲ್ಲೇ ಗಾಡಿ ಹೊರಡುವುದರಿಂದ ಕೂರಲು ಜಾಗ ಸಿಗುತ್ತದೆ. ಸೆಂಟ್ರಲ್‌ನವರು ದಾದರಿನಲ್ಲಿ ಬದಲಿಸಿ, ಇಲ್ಲವೇ ಸಿ.ಎಸ್.ಎಂ.ಟಿ.ಗೆ ಇಪ್ಪತ್ತು ನಿಮಿಷ ನಡೆಯಿರಿ. 2025ರ ಅಕ್ಟೋಬರಿನಿಂದ ನೆಲದಡಿಯ ಮೆಟ್ರೋ ಕಫ್ ಪರೇಡ್ ತನಕ ಓಡುತ್ತಿದೆ. ಆರಾಮವಾಗಿದೆ, ಆದರೆ ಕಿಟಕಿಯಾಚೆ ಊರು ಕಾಣುವುದಿಲ್ಲ. ಮೊದಲ ಸಲಕ್ಕೆ ಲೋಕಲ್ಲೇ ಇರಲಿ. ಹತ್ತಿದ ಕೂಡಲೇ ಮನೆಗೊಂದು ಫೋನ್ ಮಾಡಿ, ಅಮ್ಮ ಕಾಯುತ್ತಿರುತ್ತಾರೆ.

ಅಂದಹಾಗೆ, ಇದು ಹಿಡಿಸಿದರೆ ಇನ್ನೊಂದು ಭಾನುವಾರ ಬೋರಿವಲಿಗೆ ಹೋಗಿ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿಯಲ್ಲಿ ಬೌದ್ಧ ಭಿಕ್ಷುಗಳು ಕೊರೆದ ನೂರಕ್ಕೂ ಹೆಚ್ಚು ಗುಹೆಗಳಿವೆ. ಅಲ್ಲಿನ ಒಂಬತ್ತನೇ ಶತಮಾನದ ಸಂಸ್ಕೃತ ಶಾಸನಗಳಲ್ಲಿ ಕೊಂಕಣದ ಶಿಲಾಹಾರರು ತಮ್ಮ ಚಕ್ರವರ್ತಿಯ ಹೆಸರು ಬರೆಸಿದ್ದಾರೆ: ಅಮೋಘವರ್ಷ. ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ, 'ಕವಿರಾಜಮಾರ್ಗ'ದ ಕಾಲದ ನಮ್ಮ ನೃಪತುಂಗ. ಅದರಲ್ಲೊಂದು ಶಾಸನ ದೂರದ ಗೌಡ ದೇಶದಿಂದ ಬಂದ ಭಕ್ತನೊಬ್ಬ ಕೊಟ್ಟ ದಾನದ್ದು, ಅಂದರೆ ಪರವೂರಿನಿಂದ ಬಂದವರ ಹೆಜ್ಜೆ ಇಲ್ಲಿ ಹೊಸತಲ್ಲ. ಗೇಟಿನಿಂದ ಗುಹೆಗಳಿಗೆ ಸುಮಾರು 6 ಕಿಲೋಮೀಟರ್, ಒಳಗೆ ಬಸ್ಸಿದೆ. ಸೋಮವಾರ ರಜೆ. ನೀರು ಒಯ್ಯಿರಿ, ತಿಂಡಿಯ ಪೊಟ್ಟಣ ಕೋತಿಗಳ ಕಣ್ಣಿಗೆ ಬೀಳದಂತೆ ಚೀಲದೊಳಗೇ ಇರಲಿ.